ಒಣ ನೆಲವನ್ನು ಓದುವ ಬಗೆ

1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ ಚಿತ್ರವನ್ನು ನೋಡದ ಮನೆ ನಮ್ಮ ಸೀಮೆಯಲ್ಲಿ ಅಪರೂಪ. ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ನಿರ್ದೇಶಕ ರಮೇಶ್ ಸಿಪ್ಪಿಯವರು ಕಟ್ಟಿಸಿದ ಕೃತಕ ಊರಿನ ಹೆಸರು ರಾಮ್‌ಗಢ. ಅದರ ಒಂದು ದೃಶ್ಯವನ್ನು ಮಕ್ಕಳೂ ಬಲ್ಲರು. ಕುಡಿದ ನಾಯಕನೊಬ್ಬ ಎತ್ತರದ ನೀರಿನ ಟ್ಯಾಂಕನ್ನು ಏರಿ ನಿಂತು, ತಾನು ಬಯಸಿದ ಹುಡುಗಿಯನ್ನು ಮದುವೆ ಮಾಡಿಕೊಡದಿದ್ದರೆ ಧುಮುಕಿ ಸಾಯುತ್ತೇನೆಂದು ಊರನ್ನೆಲ್ಲ ಹೆದರಿಸುತ್ತಾನೆ. ಅದೇ ಊರಿನಲ್ಲಿ ವಿದ್ಯುತ್ ಇಲ್ಲ. ರಾತ್ರಿಯಾದರೆ ಠಾಕೂರರ ವಿಧವೆ ಸೊಸೆ ದೀಪಗಳನ್ನು ಒಂದೊಂದಾಗಿ ಆರಿಸುತ್ತಾ ಹೋಗುತ್ತಾಳೆ. ವಿದ್ಯುತ್ ಇಲ್ಲದ ಊರಿನ ಟ್ಯಾಂಕಿಗೆ ನೀರು ಏರಿದ್ದು ಹೇಗೆ ಎಂದು ನೋಡುಗರು ಐವತ್ತು ವರ್ಷಗಳಿಂದ ತಮಾಷೆ ಮಾಡುತ್ತಲೇ ಬಂದಿದ್ದಾರೆ. ಈಚೆಗೆ ನನಗೆ ಆ ಪ್ರಶ್ನೆ ತಮಾಷೆಯಾಗಿ ಕೇಳಿಸುತ್ತಿಲ್ಲ. ನೀರು ಎಲ್ಲಿಂದ ಬಂತು, ಯಾರು ಎತ್ತಿದರು, ಯಾವ ಬಂಡೆಯ ಸಂದಿಯಿಂದ ಎತ್ತಿದರು ಎಂಬುದನ್ನು ಚಿತ್ರ ಕೇಳುವುದಿಲ್ಲ. ಏಕೆಂದರೆ ಆ ಬಂಡೆಗಳಲ್ಲಿ ಡಕಾಯಿತರ ಹೊರತು ಬೇರೇನೂ ಇಲ್ಲವೆಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿದೆ.

1984ರಲ್ಲಿ ಬಂದ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಸಂಗತಿಯೂ ಇದಕ್ಕಿಂತ ದೂರವಿಲ್ಲ. ಇ. ಎಂ. ಫಾರ್ಸ್ಟರ್ 1924ರಲ್ಲಿ ಬರೆದ ಕಾದಂಬರಿಯ ಮರಾಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಬೆಟ್ಟಗಳು. ಅವು ಲೀನ್ ಅವರಿಗೆ ಹಿಡಿಸಲಿಲ್ಲ. ಅವರು ಮಾಗಡಿಯ ಸಾವನದುರ್ಗಕ್ಕೂ ರಾಮದೇವರ ಬೆಟ್ಟಕ್ಕೂ ಬಂದರು. ಗುಹೆಯ ಬಾಯಿಗಳನ್ನು ಚಿತ್ರತಂಡವೇ ಬಂಡೆಯಲ್ಲಿ ಕೊರೆಸಿತು. ಕಥೆಯಲ್ಲಿ ಆ ಗುಹೆಯೊಳಗೆ ಯಾವ ಮಾತಾಡಿದರೂ ಒಂದೇ ಅರ್ಥಹೀನ ಪ್ರತಿಧ್ವನಿ ಮರಳುತ್ತದೆ. ಅರ್ಥಶೂನ್ಯತೆಯನ್ನು ತೋರಿಸಲು ನಿರ್ದೇಶಕರಿಗೆ ಒಪ್ಪುವ ಸ್ಥಳವಾಗಿ ಕಂಡದ್ದು ನಮ್ಮ ಬೆಟ್ಟ.

ಈ ಎರಡು ಚಿತ್ರಗಳ ಕಲಾಗುಣದ ಬಗ್ಗೆ ನನಗೆ ತಕರಾರಿಲ್ಲ. ‘ಶೋಲೆ’ಯನ್ನು ಗುರುಮಠದ ದಿನಗಳಲ್ಲಿ ನಾನೂ ಕಣ್ಣರಳಿಸಿ ನೋಡಿದವನೇ. ನನ್ನ ಆಕ್ಷೇಪ ಅವುಗಳ ಹಿಂದಿರುವ ಒಂದು ಓದಿನ ಮೇಲೆ. ಒಣ ನೆಲವೆಂದರೆ ಬರಿದಾದ ನೆಲ ಎಂಬ ಆ ಓದು ಸಿನಿಮಾದಲ್ಲೇ ನಿಂತಿದ್ದರೆ ಈ ಲೇಖನ ಬೇಕಿರಲಿಲ್ಲ. ಅದು ಅಣುಶಕ್ತಿಯ ಯೋಜನೆಗಳಲ್ಲಿಯೂ, ನ್ಯಾಯಾಲಯದ ಕಡತಗಳಲ್ಲಿಯೂ ಇದೆ. ಸೂಕ್ಷ್ಮವಾಗಿ ನೋಡಿದರೆ ನಾವು ಪ್ರೀತಿಯಿಂದ ಓದುವ ಧರ್ಮಸಭೆಯ ಬರಹದಲ್ಲಿಯೂ ಇದೆ.

ಮೊದಲು ಬಂಡೆಯ ವಿಚಾರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಸೇರಿ ಒಂದು ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಊರಿನ ಹೆಸರೂ ಹಲವು ಸಲ ಬದಲಾಗಿದೆ. ಬ್ರಿಟಿಷರ ಕಾಲದಲ್ಲಿ ರಾಮನಗರವನ್ನು ಮೈಸೂರಿನ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರ ನೆನಪಿಗೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಆ ಹೆಸರು ಊರಿನಿಂದ ಅಳಿದುಹೋಯಿತು, ಕಲ್ಲಿಗೆ ಮಾತ್ರ ಉಳಿಯಿತು. ಈ ಸೀಮೆಯನ್ನು ಹಾದು ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಚಾಚಿರುವ, ಸುಮಾರು 250 ಕೋಟಿ ವರ್ಷ ವಯಸ್ಸಿನ ಕೆಂಪುಛಾಯೆಯ ಶಿಲೆಯನ್ನು ಭೂವಿಜ್ಞಾನಿಗಳು ಜಗತ್ತಿನಾದ್ಯಂತ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸಿನಿಮಾದವರು ಏನೂ ಇಲ್ಲವೆಂದು ತಿಳಿದ ರಾಮದೇವರ ಬೆಟ್ಟದ ಕಡಿದಾದ ಗೋಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದವು. 2012ರಲ್ಲಿ ಅದನ್ನು ರಣಹದ್ದುಗಳ ವನ್ಯಧಾಮವೆಂದು ಸರಕಾರ ಘೋಷಿಸಿತು.

ಇಂಥ ಬಂಡೆ ಮಣ್ಣಿನಂತೆ ನೀರನ್ನು ಹೀರುವುದಿಲ್ಲ. ಮೇಲಿನ ಶಿಥಿಲ ಕಲ್ಲಿನ ಪದರದಲ್ಲಿ ಒಂದಿಷ್ಟು, ಅದರ ಕೆಳಗೆ ಗಟ್ಟಿ ಶಿಲೆಯ ಬಿರುಕುಗಳಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ. ಹಿರಿಯರು ಮೇಲಿನ ಪದರದ ನೀರನ್ನು ಕೆರೆ, ಕಲ್ಯಾಣಿ, ತೆರೆದ ಬಾವಿಗಳಿಂದ ಬಳಸಿದರು. ಆ ಬಾವಿಗಳು ಬತ್ತಿದ ಮೇಲೆ ನಾವು ಕೊಳವೆಬಾವಿ ಕೊರೆದೆವು. ಇನ್ನೂರು ಅಡಿ ಸಾಲದೆ ಐನೂರು, ಐನೂರು ಸಾಲದೆ ಸಾವಿರ ಅಡಿ ದಾಟಿದೆವು. ಒಂದು ಬಿರುಕು ಇನ್ನೊಂದಕ್ಕೆ ಎಲ್ಲಿ ಕೂಡುತ್ತದೆ ಎಂಬುದನ್ನು ಮೇಲಿನಿಂದ ನೋಡಿ ಹೇಳುವುದು ಕಷ್ಟ. ಒಬ್ಬರ ಹೊಲದಲ್ಲಿ ಕೊರೆದಾಗ ಪಕ್ಕದವರ ಬಾವಿ ಸುಮ್ಮನಾಗುವುದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗ್ರಾನೈಟ್ ಶಿಲೆಯಲ್ಲಿ ಸ್ವಭಾವತಃ ಅತ್ಯಲ್ಪ ಪ್ರಮಾಣದ ಯುರೇನಿಯಂ ಇರುತ್ತದೆ, ಹತ್ತು ಲಕ್ಷ ಪಾಲಿಗೆ ಕೆಲವೇ ಪಾಲು. ಕಲ್ಲಿನೊಳಗೆ ಇರುವಷ್ಟು ದಿನ ಅದರಿಂದ ಯಾರಿಗೂ ತೊಂದರೆಯಿಲ್ಲ. ನೀರಿನ ಮಟ್ಟ ಇಳಿದು, ಬಿರುಕುಗಳಿಗೆ ಗಾಳಿ ತಗುಲಿದಾಗ ಅದು ಕರಗಬಲ್ಲ ರೂಪಕ್ಕೆ ತಿರುಗುತ್ತದೆ. ನೀರಿನಲ್ಲಿರುವ ಬೈಕಾರ್ಬೊನೇಟ್ ಅದನ್ನು ಹಿಡಿದುಕೊಂಡು ಸಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದೊಡನೆ ಕೆಲಸ ಮಾಡಿದ ವಿಜ್ಞಾನಿಗಳು ರಾಜ್ಯದ ಪೂರ್ವಭಾಗದ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿ ಬೆಚ್ಚಿಬೀಳಿಸುವಂಥದು. ಲೀಟರಿಗೆ 30 ಮೈಕ್ರೋಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. 57 ಹಳ್ಳಿಗಳ ನೀರು ಆ ಮಿತಿಯನ್ನು ದಾಟಿತ್ತು. ನಮ್ಮ ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ ಹಿಂದೆ ಇಟ್ಟುಕೊಂಡಿದ್ದ 60ರ ಉದಾರ ಮಿತಿಯನ್ನೂ 48 ಹಳ್ಳಿಗಳು ದಾಟಿದ್ದವು. ಅತಿ ಹೆಚ್ಚು ಕಂಡದ್ದು ಕೋಲಾರ, ಚಿಕ್ಕಬಳ್ಳಾಪುರದ ಕಡೆ. ನಮ್ಮ ರಾಮನಗರದ ಅಂತರ್ಜಲದಲ್ಲಿ ಯುರೇನಿಯಮ್ಮಿನ ಸಂತತಿಯಾದ ರೇಡಾನ್ ಅನಿಲದ ಪ್ರಮಾಣವನ್ನು ಭೌತವಿಜ್ಞಾನ ಸಂಶೋಧಕರು 2010ರ ದಶಕದಲ್ಲೇ ಅಳೆದು ಬರೆದಿದ್ದಾರೆ. ನೀರಿನ ಯುರೇನಿಯಂ ತನ್ನ ವಿಕಿರಣಕ್ಕಿಂತ ಹೆಚ್ಚಾಗಿ ತನ್ನ ರಾಸಾಯನಿಕ ಗುಣದಿಂದ ಮೂತ್ರಪಿಂಡವನ್ನು ಬಾಧಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಕುದಿಸಿದರೆ ಹೋಗುವುದಿಲ್ಲ. ವೃಷಭಾವತಿಯ ಕೊಳೆ ಬೈರಮಂಗಲದ ಕೆರೆಗೆ ಬಂದು ನೊರೆಯೇಳುವಾಗ ಮೂಗು ಮುಚ್ಚಿಕೊಂಡಾದರೂ ಅದು ಕೊಳೆಯೆಂದು ತಿಳಿಯುತ್ತೇವೆ. ಇದು ಹಾಗಲ್ಲ.

ಇಲ್ಲಿಯವರೆಗೆ ಹೇಳಿದ್ದು ಬಂಡೆ ತಾನಾಗಿ ಬಿಟ್ಟುಕೊಟ್ಟ ವಿಷದ ಮಾತು. ಮನುಷ್ಯರು ವಿಕಿರಣ ತ್ಯಾಜ್ಯವನ್ನು ಒಯ್ದು ಒಣ ನೆಲದಲ್ಲಿ ಹೂಳುವ ವಿಚಾರಕ್ಕೆ ಇದರಿಂದ ಸಿಗುವ ಪಾಠ ದೊಡ್ಡದು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ಯೋಜನೆಯನ್ನು ಯಾರೂ ಪ್ರಕಟಿಸಿಲ್ಲ. ಓದುಗರಲ್ಲಿ ಗಾಬರಿ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ನಮ್ಮದೇ ಮಹಾಧರ್ಮಕ್ಷೇತ್ರದ ವ್ಯಾಪ್ತಿಯ ಕೋಲಾರದ ಚಿನ್ನದ ಗಣಿಯ ಕಥೆಯನ್ನು ನಾವು ಮರೆಯಬಾರದು. 1980ರ ದಶಕದಲ್ಲಿ ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಅಲ್ಲಿ ಸುಮಾರು 1000 ಮೀಟರ್ ಆಳದ ಕೈಬಿಟ್ಟ ಕೋಣೆಯಲ್ಲಿ ಹೀಟರುಗಳನ್ನಿಟ್ಟು, ತ್ಯಾಜ್ಯದ ಶಾಖಕ್ಕೆ ಶಿಲೆ ಹೇಗೆ ವರ್ತಿಸೀತೆಂದು ಎಂಟು ವರ್ಷ ಅಳೆದರು. ತ್ಯಾಜ್ಯವನ್ನು ಇಡಲಿಲ್ಲ, ಪ್ರಯೋಗ ಮಾತ್ರ ನಡೆಯಿತು. 2012ರ ನವೆಂಬರಿನಲ್ಲಿ ಕೂಡಂಕುಳಂ ಸ್ಥಾವರದ ವಿರುದ್ಧದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ಅಲ್ಲಿನ ತ್ಯಾಜ್ಯವನ್ನು ಕೋಲಾರದ ಗಣಿಗಳಲ್ಲಿ ಇಡಲಾಗುವುದೆಂಬ ಮಾತು ಹೊರಬಿತ್ತು. ಕೋಲಾರ ಬೀದಿಗಿಳಿಯಿತು. ಅಂಥ ಉದ್ದೇಶವಿಲ್ಲವೆಂದು ಸರಕಾರ ಬೇಗನೆ ಸ್ಪಷ್ಟಪಡಿಸಿತು. 2013ರ ಮೇ 6ರ ತೀರ್ಪು ಸ್ಥಾವರಕ್ಕೆ ಅನುಮತಿ ಕೊಟ್ಟು, ತ್ಯಾಜ್ಯಕ್ಕೆ ಭೂಗರ್ಭದ ಶಾಶ್ವತ ಭಂಡಾರದ ಅಗತ್ಯವನ್ನೂ ಒತ್ತಿ ಹೇಳಿತು. ಅಂಥ ಭಂಡಾರ ಭಾರತದಲ್ಲಿ ಇನ್ನೂ ಸಿದ್ಧವಾಗಿಲ್ಲ.

ಕೋಲಾರ ಏಕೆ ನೆನಪಾಯಿತು? ಗಣಿ ಆಳವಾಗಿದೆ, ಮುಚ್ಚಿಹೋಗಿದೆ, ಸೀಮೆ ಒಣಗಿದೆ, ಜನ ಬಡವರು. ಈ ನಾಲ್ಕರಲ್ಲಿ ಕೊನೆಯದನ್ನು ಯಾವ ಕಾಗದದಲ್ಲಿಯೂ ಬರೆಯುವುದಿಲ್ಲ. ಆದರೆ ಗಣಿಯ ಬಗ್ಗೆ ಒಂದು ಸರಳ ಸತ್ಯವಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ, ನೀರೆತ್ತುವ ಪಂಪುಗಳು ನಿಂತಮೇಲೆ ಆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮೇಲೆ ಬರಗಾಲದ ಜಿಲ್ಲೆ. ಕೆಳಗೆ ನೂರು ವರ್ಷಕ್ಕೂ ಮೇಲ್ಪಟ್ಟು ಕಾರ್ಮಿಕರು ನೀರನ್ನು ಹೊರಹಾಕುತ್ತಲೇ ಚಿನ್ನ ತೆಗೆದ ಗಣಿ. ಪಂಪು ಓಡುತ್ತಿದ್ದಷ್ಟು ಕಾಲ ಅದು ಒಣಗಿತ್ತು, ಅಷ್ಟೆ.

ಒಣ ನೆಲ ತ್ಯಾಜ್ಯವನ್ನು ಹಿಡಿದಿಡುತ್ತದೆ ಎಂಬ ನಂಬಿಕೆಯನ್ನು ಹಣವೂ ವಿದ್ಯೆಯೂ ಉಳ್ಳ ದೇಶವೇ ಪರೀಕ್ಷಿಸಿ ನೋಡಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ ವರ್ಷಕ್ಕೆ 17 ಸೆಂಟಿಮೀಟರಿನಷ್ಟು ಮಳೆ. ಅಣುಬಾಂಬಿನ ಪ್ಲುಟೋನಿಯಂ ತಯಾರಿಕೆಯ ತ್ಯಾಜ್ಯವನ್ನು ಅಲ್ಲಿ ನೆಲದಡಿಯ 177 ತೊಟ್ಟಿಗಳಲ್ಲಿ ತುಂಬಿದರು. ತೊಟ್ಟಿ ಸೋರಿದರೂ ಅಂತರ್ಜಲ ಬಹಳ ಕೆಳಗಿದೆ, ನಡುವಿನ ಒಣಮಣ್ಣು ವಿಷವನ್ನು ಹಿಡಿದುಕೊಳ್ಳುತ್ತದೆ ಎಂದು ದಶಕಗಳ ಕಾಲ ಹೇಳಿದರು. ಅರವತ್ತಕ್ಕೂ ಹೆಚ್ಚು ತೊಟ್ಟಿಗಳು ಸೋರಿದವೆಂದು ಲೆಕ್ಕವಾಯಿತು. ಸೋರಿದ್ದು ಅಂತರ್ಜಲವನ್ನು ಮುಟ್ಟಿದೆಯೆಂದು 1997ರಲ್ಲಿ ಸರಕಾರವೇ ಒಪ್ಪಿಕೊಂಡಿತು. ನೆವಾಡಾ ರಾಜ್ಯದ ಬೀಟಿ ಎಂಬ ಊರಿನ ಸಮೀಪದ ಮರುಭೂಮಿಯಲ್ಲಿ ಮಳೆ ಇನ್ನೂ ಕಡಿಮೆ, ಅಂತರ್ಜಲ ನೂರು ಮೀಟರಿಗಿಂತ ಕೆಳಗೆ. 1962ರಿಂದ 1992ರವರೆಗೆ ಅಲ್ಲಿ ಕಡಿಮೆ ತೀವ್ರತೆಯ ವಿಕಿರಣ ತ್ಯಾಜ್ಯವನ್ನು ಹೂಳಿದರು. ನೀರಿಲ್ಲದಿದ್ದರೆ ತ್ಯಾಜ್ಯ ಕದಲುವುದಿಲ್ಲವೆಂಬುದೇ ಆ ಸ್ಥಳದ ಅರ್ಹತೆಯಾಗಿತ್ತು. 1990ರ ದಶಕದಲ್ಲಿ ಭೂಸರ್ವೇಕ್ಷಣೆಯವರು ಹೊರಗಿನ ಮಣ್ಣಿನಲ್ಲಿ ಟ್ರಿಟಿಯಂ ಕಂಡುಹಿಡಿದರು. ಅದು ನೀರಾಗಿ ಹರಿದಿರಲಿಲ್ಲ. ಮಣ್ಣಿನ ಸಂದುಗಳಲ್ಲಿ ಆವಿಯಾಗಿ ನಡೆದುಬಂದಿತ್ತು. ಸಾಲದೆಂಬಂತೆ 2015ರ ಅಕ್ಟೋಬರಿನಲ್ಲಿ ಭಾರಿ ಮಳೆ ಬಿದ್ದ ಮೇಲೆ, ಹೂತಿದ್ದ ಲೋಹೀಯ ಸೋಡಿಯಮ್ಮಿಗೆ ನೀರು ತಗುಲಿ ಆ ಹೊಂಡ ಹೊತ್ತಿ ಉರಿಯಿತು. ಮರುಭೂಮಿಯಲ್ಲೂ ಒಮ್ಮೊಮ್ಮೆ ಮಳೆ ಬರುತ್ತದೆ ಎಂಬುದನ್ನು ಆಡು ಕಾಯುವ ಹುಡುಗನೂ ಹೇಳುತ್ತಿದ್ದ.

ಇನ್ನು ನಮ್ಮ ಮನೆಯ ಮಾತು. ಜಗದ್ಗುರು ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸೀ’ ವಿಶ್ವಪತ್ರವನ್ನು ನಾನು ಹಲವು ಸಲ ಓದಿದ್ದೇನೆ, ಕೂಟಗಳಲ್ಲಿ ವಿವರಿಸಿದ್ದೇನೆ. 2025ರ ಏಪ್ರಿಲಿನಲ್ಲಿ ಅವರು ದೈವಾಧೀನರಾದಾಗ ಮತ್ತೆ ತೆರೆದೆ. ಈ ಸಲ ಕೊಳವೆಬಾವಿಯ ಪಕ್ಕ ಕುಳಿತವನಂತೆ ಓದಿದೆ. ಅದರ ಬಲ ಎಲ್ಲಿದೆಯೆಂದು ಮೊದಲು ಹೇಳುತ್ತೇನೆ. 21ನೆಯ ಪರಿಚ್ಛೇದ ತ್ಯಾಜ್ಯಗಳ ಪಟ್ಟಿಯಲ್ಲಿ ವಿಕಿರಣ ತ್ಯಾಜ್ಯವನ್ನು ಹೆಸರಿಸಿಯೇ ಸೇರಿಸುತ್ತದೆ. 29 ಮತ್ತು 30ನೆಯವು ಬಡವರಿಗೆ ದೊರೆಯುವ ನೀರಿನ ಗುಣಮಟ್ಟವನ್ನು ಪ್ರತ್ಯೇಕವಾಗಿ ಎತ್ತಿಕೊಂಡು, ಶುದ್ಧ ನೀರನ್ನು ದಾನವೆನ್ನದೆ ಹಕ್ಕು ಎನ್ನುತ್ತವೆ. 159ನೆಯದು ಹುಟ್ಟಲಿರುವವರಿಗೂ ಈ ನೆಲದಲ್ಲಿ ಪಾಲಿದೆಯೆನ್ನುತ್ತದೆ. ಯುರೇನಿಯಂ ಅರ್ಧದಷ್ಟು ಸವೆಯಲು ಸುಮಾರು 450 ಕೋಟಿ ವರ್ಷ ಬೇಕೆಂದು ತಿಳಿದವರಿಗೆ ಈ ಮಾತು ಬರಿಯ ಭಾವುಕತೆಯಾಗಿ ಉಳಿಯುವುದಿಲ್ಲ. ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದವು 183 ಮತ್ತು 185. ಯೋಜನೆ ಮುಗಿದ ಮೇಲೆ ಪರಿಣಾಮ ಅಳೆಯಬೇಡಿ, ಚರ್ಚೆಯಲ್ಲಿ ಸ್ಥಳೀಯರಿಗೆ ವಿಶೇಷ ಸ್ಥಾನ ಕೊಡಿ, ಏಕೆ, ಎಲ್ಲಿ, ಯಾರಿಗಾಗಿ, ಖರ್ಚು ಯಾರದು ಎಂದು ಮೊದಲೇ ಕೇಳಿ ಎನ್ನುವ ಆ ಭಾಗವನ್ನು 2012ರ ಕೋಲಾರದವರು ಓದಿರಲಿಲ್ಲ, ಆಗ ಅದು ಬರೆಯಲ್ಪಟ್ಟೇ ಇರಲಿಲ್ಲ. ಆದರೂ ಅವರು ಬೀದಿಯಲ್ಲಿ ನಿಂತು ಅದನ್ನೇ ಕೇಳಿದ್ದರು.

ಆದರೂ ನನಗೆ ಎರಡು ಕಡೆ ಮನಸ್ಸು ಒಪ್ಪಲಿಲ್ಲ. ಒಂದು, ವಿಶ್ವಪತ್ರದ ಕಣ್ಣಿನಲ್ಲಿ ಅಂತರ್ಜಲ ಕೆಡುವುದು ಗಣಿಯಿಂದ, ಕಾರ್ಖಾನೆಯಿಂದ, ಬೇಸಾಯದ ರಾಸಾಯನಿಕದಿಂದ. ಕೆಡಿಸುವವನು ಬೇರೆ, ಕುಡಿಯುವವನು ಬೇರೆ. ನಮ್ಮ ಸೀಮೆಯಲ್ಲಿ ಈ ಚಿತ್ರ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಯಾರೂ ವಿಷ ತಂದು ಸುರಿಯಲಿಲ್ಲ. ರೇಷ್ಮೆ ಬೆಳೆಗಾರ ಹಿಪ್ಪುನೇರಳೆಗೆ, ತೆಂಗಿನ ತೋಟದವನು ತೆಂಗಿಗೆ, ಪಟ್ಟಣದವನು ಬಡಾವಣೆಗೆ, ನಾನು ಧರ್ಮಕೇಂದ್ರದ ಆವರಣಕ್ಕೆ ಕೊರೆಸಿದೆವು. ಕೊರೆದಷ್ಟೂ ಬಂಡೆ ತನ್ನಲ್ಲಿದ್ದುದನ್ನು ಬಿಟ್ಟುಕೊಟ್ಟಿತು. ಈ ಪಾಪಕ್ಕೆ ಹೆಸರಿಡಲು ಆ ಪುಟಗಳಲ್ಲಿ ನನಗೆ ಪದ ಸಿಗಲಿಲ್ಲ. ಪವಿತ್ರ ಗ್ರಂಥದಲ್ಲಿ ಹತ್ತಿರದ ಉದಾಹರಣೆ ಇದೆ. ವಿಮೋಚನಾಕಾಂಡದ 15ನೆಯ ಅಧ್ಯಾಯದ ಮಾರಾ ಎಂಬ ಸ್ಥಳದಲ್ಲಿ ನೀರು ಕಹಿಯಾಗಿತ್ತು. ಅದನ್ನು ಶತ್ರುಗಳು ಕೆಡಿಸಿದ್ದರೆಂದು ಗ್ರಂಥ ಹೇಳುವುದಿಲ್ಲ. ಆದರೆ ಅಲ್ಲಿ ಜನರಿಗೆ ನಾಲಿಗೆಯೇ ಎಚ್ಚರ ಹೇಳಿತು.

ಎರಡನೆಯದು ಇನ್ನೂ ಸೂಕ್ಷ್ಮ. 217ನೆಯ ಪರಿಚ್ಛೇದದಲ್ಲಿ ಜಗದ್ಗುರು 16ನೆಯ ಬೆನೆಡಿಕ್ಟರು 2005ರಲ್ಲಿ ಆಡಿದ್ದ ಮಾತೊಂದನ್ನು ನೆನೆಯಲಾಗಿದೆ. ಮನುಷ್ಯನ ಒಳಗಿನ ಮರುಭೂಮಿ ಬೆಳೆದಂತೆ ಹೊರಗಿನ ಮರುಭೂಮಿಯೂ ಬೆಳೆಯುತ್ತಿದೆ ಎಂಬುದು ಅದರ ತಾತ್ಪರ್ಯ. ಕೇಳಲು ಹಿತವಾದ ಮಾತು. ಹಸಿರು ನೆಲ ಮರುಭೂಮಿಯಾಗುತ್ತಿರುವುದರ ದುಃಖ ಅಲ್ಲಿದೆಯೆಂಬುದನ್ನು ಒಪ್ಪುತ್ತೇನೆ. ನಾನೂ ಪ್ರಸಂಗಗಳಲ್ಲಿ ಅದನ್ನು ಧಾರಾಳವಾಗಿ ಬಳಸಿದ್ದೇನೆ. ಆದರೆ ಒಣ ನೆಲವನ್ನು ಆತ್ಮದ ಶೂನ್ಯತೆಗೆ ಹೋಲಿಸುವಾಗ ನಾವು ಡೇವಿಡ್ ಲೀನ್ ಅವರ ಕ್ಯಾಮೆರಾ ಇಟ್ಟ ಕಡೆಯೇ ನಿಂತಿರುತ್ತೇವೆ. ಬರಡು ಎಂದರೆ ಪಾಪ, ಹಸಿರು ಎಂದರೆ ಕೃಪೆ ಎಂದು ಕಲಿತ ಮನಸ್ಸಿಗೆ ಬರಡು ನೆಲದಲ್ಲಿ ಏನನ್ನು ಹೂತರೂ ಅಷ್ಟಾಗಿ ನೋವಾಗುವುದಿಲ್ಲ. ಇಸ್ರಯೇಲರ ದೇವರು ತನ್ನ ಜನರೊಡನೆ ಒಡಂಬಡಿಕೆ ಮಾಡಿಕೊಂಡದ್ದು ಒಣ ಬೆಟ್ಟದಲ್ಲಿ. ಮೋಶೆ ಹೋರೇಬಿನಲ್ಲಿ ಬಂಡೆಯನ್ನು ಹೊಡೆದಾಗ ನೀರು ಬಂದದ್ದು ಬಂಡೆಯೊಳಗಿನಿಂದ. ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಇಸಾಕನ ಕುರುಬರು ಒಣ ಕಣಿವೆಯಲ್ಲಿ ಬಾವಿ ತೋಡುತ್ತಾರೆ, ಸ್ಥಳೀಯರು ಜಗಳಕ್ಕೆ ಬರುತ್ತಾರೆ. ಎರಡು ಬಾವಿಗಳನ್ನು ಬಿಟ್ಟುಕೊಟ್ಟು ಮೂರನೆಯದನ್ನು ತೋಡಿದಾಗ ಜಗಳವಾಗುವುದಿಲ್ಲ. ಒಣ ನೆಲದ ಒಂದೊಂದು ಬಾವಿಗೂ ಅಲ್ಲಿ ಒಂದೊಂದು ಹೆಸರಿದೆ. ಆ ಗ್ರಂಥ ಹುಟ್ಟಿದ್ದು ಒಣ ನೆಲದವರ ನಡುವೆ.

ಇಷ್ಟೆಲ್ಲ ಬರೆಯುವವನ ಅಂಗಳದ ಸ್ಥಿತಿಯನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದಲ್ಲಿ ದಾನಿಗಳ ನೆರವಿನಿಂದ ಶುದ್ಧ ಕುಡಿಯುವ ನೀರಿನ ಘಟಕವೊಂದನ್ನು ಹಾಕಿಸಿದೆವು. ಅದನ್ನು ಆಶೀರ್ವದಿಸಿದವನು ನಾನೇ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಒಂದು ದಿನ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಘಟಕದ ಹಿಂದಿನ ಕೊಳವೆಯನ್ನು ತೋರಿಸಿ, “ಸಾಮಿ, ಮಿಷೀನು ಬ್ಯಾಡ ಅಂದ ನೀರು ಎಲ್ಲಿಗೋಯ್ತದೆ?” ಎಂದರು. ತೆಂಗಿನ ಬುಡಕ್ಕೆ ಎಂದು ಹೆಮ್ಮೆಯಿಂದಲೇ ಹೇಳಿದೆ. “ಅಂಗಾರೆ ಬೇರು ಕುಡೀತದೆ, ಮಿಕ್ಕಿದ್ದು ತಿರುಗ ಬಾವಿಗೇ ಹೋಯ್ತದೆ ಅನ್ನಿ” ಎಂದು ಕ್ಯಾನು ಎತ್ತಿಕೊಂಡು ಹೊರಟರು.

ಅವರು ಹೇಳಿದ್ದು ಸರಿ. ಆ ಯಂತ್ರದ ಪೊರೆ ನೀರಿನಲ್ಲಿದ್ದ ಲವಣಗಳನ್ನೂ ಫ್ಲೋರೈಡನ್ನೂ, ಯುರೇನಿಯಂ ಇದ್ದರೆ ಅದರ ಬಹುಪಾಲನ್ನೂ ತಡೆಯುತ್ತದೆ, ತಡೆದದ್ದನ್ನು ನಾಶಮಾಡುವುದಿಲ್ಲ. ಅದೆಲ್ಲ ಕಡಿಮೆ ನೀರಿನಲ್ಲಿ ಮಂದಗೊಂಡು ಹಿಂದಿನ ಕೊಳವೆಯಿಂದ ಹೊರಬೀಳುತ್ತದೆ. ನೂರಾರು ಹಳ್ಳಿಗಳ ಘಟಕಗಳ ಹಿಂದೆ ಅಂಥ ಕೊಳವೆಗಳಿವೆ. ಹೆಚ್ಚಿನವು ಚರಂಡಿಗೋ ಖಾಲಿ ನಿವೇಶನಕ್ಕೋ ಬಾಯಿ ತೆರೆದಿವೆ. ಒಣ ನೆಲ ಹೀರಿಕೊಳ್ಳುತ್ತದೆ ಎಂದು ನಾವು ಸುಮ್ಮನಿದ್ದೇವೆ. ಹ್ಯಾನ್‌ಫರ್ಡಿನ ಎಂಜಿನಿಯರುಗಳನ್ನು ಟೀಕಿಸಿದ ಉಸಿರಿನಲ್ಲೇ ನಾನಿದನ್ನು ಬರೆಯುತ್ತಿದ್ದೇನೆ. ಪ್ರಮಾಣ ಹೋಲಿಸಲಾರದಷ್ಟು ಚಿಕ್ಕದು, ತರ್ಕ ಮಾತ್ರ ಅದೇ. ದೀಕ್ಷಾಸ್ನಾನದ ತೊಟ್ಟಿಗೂ, ಪಾಸ್ಖ ಜಾಗರಣೆಯಂದು ಆಶೀರ್ವದಿಸುವ ಪಾತ್ರೆಗೂ ನಾನು ತುಂಬಿಸುವುದು ಅದೇ ಕೊಳವೆಬಾವಿಯ ನೀರನ್ನು.

ಪಂಚಾಯಿತಿಯವರು ನೀರು ಪರೀಕ್ಷಿಸುವ ಪೆಟ್ಟಿಗೆಯಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ಇವನ್ನು ನೋಡಬಹುದು, ಯುರೇನಿಯಮ್ಮನ್ನು ನೋಡಲಾಗುವುದಿಲ್ಲ. ಅದಕ್ಕೆ ಸುಸಜ್ಜಿತ ಪ್ರಯೋಗಾಲಯವೇ ಬೇಕು. ನಮ್ಮ ಪಾಲನಾ ಸಮಿತಿಯಲ್ಲಿ ಈ ಮಾತೆತ್ತಿದಾಗ, ಸುಮ್ಮನೆ ಊರಿಗೆ ಕೆಟ್ಟ ಹೆಸರು ಬರುತ್ತದೆ, ಹೆಣ್ಣು ಕೊಡುವವರು ಹಿಂಜರಿಯುತ್ತಾರೆ ಎಂದು ಒಬ್ಬ ಹಿರಿಯರು ಅಡ್ಡಿ ಹೇಳಿದರು. ಅದನ್ನು ನಾನು ಹಗುರವಾಗಿ ಕಾಣಲಾರೆ. ಚರ್ಚೆ ಎರಡು ಭಾನುವಾರ ನಡೆಯಿತು. ಕೊನೆಗೆ ಮೂರು ಸೀಸೆಗಳನ್ನು ಬೆಂಗಳೂರಿಗೆ ಕಳುಹಿಸುವುದೆಂದಾಯಿತು: ಬಾವಿಯ ನೀರು, ಘಟಕದ ಶುದ್ಧ ನೀರು, ಹಿಂದಿನ ಕೊಳವೆಯ ನೀರು. ಕೊಳವೆಯನ್ನು ತೆಂಗಿನ ಬುಡದಿಂದ ತೆಗೆದು ಸಮುದಾಯ ಭವನದ ಶೌಚಾಲಯದ ತೊಟ್ಟಿಗೆ ತಿರುಗಿಸಿದ್ದೇವೆ. ಅಲ್ಲಿಂದ ಅದು ಇಂಗುಗುಂಡಿಗೆ ಹೋಗುತ್ತದೆ. ಇಂಗುಗುಂಡಿಯೂ ಅದೇ ನೆಲದಲ್ಲಿದೆ.

ಸೀಸೆಯ ಮೇಲಿನ ಚೀಟಿಯಲ್ಲಿ ಬಾವಿಯ ಆಳ ಬರೆಯಬೇಕಿತ್ತು. ಸಮಿತಿಯಲ್ಲಿ ಯಾರಿಗೂ ನೆನಪಿರಲಿಲ್ಲ. ನನಗಿಂತ ಮೊದಲು ಇಲ್ಲಿ ಧರ್ಮಗುರುಗಳಾಗಿದ್ದವರಿಗೆ ಫೋನು ಮಾಡಿ ಕೇಳಿದೆ. ಮೊದಲು ಕೊರೆಸಿದ್ದು ಮುನ್ನೂರು ಅಡಿ, ಅದು ಬತ್ತಿದ ಮೇಲೆ ಅದರ ಪಕ್ಕದಲ್ಲೇ ಏಳುನೂರು, ಈಗ ಓಡುತ್ತಿರುವುದು ಮೂರನೆಯದು, ಸಾವಿರದ ನೂರ ಇಪ್ಪತ್ತು ಅಡಿ ಎಂದರು.